ಅರ್ಥ, ಅರ್ಧ ಮತ್ತು ನಿಬ್ಬಿನ ಅಗಲ

ಲೇಖನಿಯನ್ನು ಖಡ್ಗದ ಪಕ್ಕದಲ್ಲಿಟ್ಟು ಹೊಗಳುವ ಮಾತನ್ನು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಕೇಳದವರು ಕಡಿಮೆ. ಇಂಗ್ಲಿಷಿನಲ್ಲಿ ಆ ಮಾತು ಪ್ರಸಿದ್ಧವಾದದ್ದು 1839ರಲ್ಲಿ ಎಡ್ವರ್ಡ್ ಬುಲ್ವರ್ ಲಿಟನ್ ಬರೆದ ‘ರಿಶಲ್ಯೂ’ ನಾಟಕದಿಂದ. ಅಲ್ಲಿರುವುದು ಬಲದ ಹೋಲಿಕೆ. ಕನ್ನಡಕ್ಕೆ ಬರುವಾಗ ಬಲ ಬಿಟ್ಟುಹೋಗಿ ಹರಿತ ಸೇರಿಕೊಂಡಿತು. ಅನುವಾದದ ಈ ಸಣ್ಣ ಪಲ್ಲಟ ನನಗೆ ಇಷ್ಟ. ಬಲ ಎಂದರೆ ಬರೆದದ್ದರ ಪರಿಣಾಮ, ಹರಿತ ಎಂದರೆ ಲೇಖನಿಯ ಮೊನೆ. ಕನ್ನಡಿಗರು ತಿಳಿದೋ ತಿಳಿಯದೆಯೋ ಮಾತನ್ನು ಮೊನೆಯ ಕಡೆಗೆ ತಿರುಗಿಸಿದ್ದಾರೆ. ಹಾಗಾದರೆ ಎಷ್ಟು ಹರಿತ ಎಂದು ಕೇಳಬಹುದು. ಕನ್ನಡ ಬರೆಯುವವರಿಗೆ ಎಷ್ಟು ಅಗಲದ ನಿಬ್ಬು ಬೇಕು?

ಹಳೆಯ ಇಂಕ್ ಪೆನ್ನುಗಳನ್ನು ಸಂಗ್ರಹಿಸುವವರ ನಡುವೆ ಕೆಲವು ವರ್ಷಗಳಿಂದ ಓಡಾಡುತ್ತಿರುವ ನನಗೆ ಈ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿಲ್ಲ. ಅಲ್ಲಿ ಮಾತಿಗೆ ಬರವಿಲ್ಲ. ಪಾರ್ಕರ್ 51 ಬಂದದ್ದು 1941ರಲ್ಲಿ, ಶೀಫರ್ ಸ್ನಾರ್ಕೆಲ್ ಬಂದದ್ದು 1952ರಲ್ಲಿ ಎಂಬುದನ್ನು ಅಲ್ಲಿನವರು ಮಕ್ಕಳ ಹುಟ್ಟುಹಬ್ಬದಂತೆ ನೆನಪಿಟ್ಟುಕೊಂಡಿರುತ್ತಾರೆ. ನಿಬ್ಬು ಹದಿನಾಲ್ಕು ಕ್ಯಾರೆಟ್ಟಿನದೋ, ಒತ್ತಿದರೆ ಎಷ್ಟು ಬಾಗುತ್ತದೆ, ಕಾಗದದ ಮೇಲೆ ಬೆಣ್ಣೆಯಂತೆ ಜಾರುತ್ತದೆಯೇ, ಮುಚ್ಚಳದ ಮೇಲಿನ ಕೆತ್ತನೆ ಸವೆದಿಲ್ಲವಷ್ಟೆ? ಮೆಚ್ಚುಗೆಯ ಮಾತುಗಳೆಲ್ಲ ಇವೇ. ಕೇಳಲು ಸೊಗಸು. ಆದರೆ ಪೆನ್ನು ಯಾವ ಲಿಪಿಯನ್ನು ಬರೆಯಬೇಕು ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಇರುವುದಿಲ್ಲ. ಇಲ್ಲದಿರಲು ಕಾರಣವೂ ಇದೆ. ಈ ಮೆಚ್ಚುಗೆಯ ಭಾಷೆ ರೂಪುಗೊಂಡದ್ದು ರೋಮನ್ ಲಿಪಿಯ ಕೂಡುಬರಹದ ಸುತ್ತ. ಲಿಪಿ ಯಾವುದೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನಿಬ್ಬಿನ ಅಗಲವನ್ನು ಬರೀ ರುಚಿಯ ವಿಷಯವೆಂದು ನೋಡುವುದು ಈಚಿನ ಅಭ್ಯಾಸ. ಹಿಂದೆ ಅದು ಕಸುಬಿನ ವಿಷಯವಾಗಿತ್ತು. 1920ರ ದಶಕದ ಕೊನೆಯಲ್ಲಿ ವಾಟರ್‌ಮನ್ ಕಂಪನಿ ತನ್ನ 7ನೆಯ ಸಂಖ್ಯೆಯ ಪೆನ್ನಿಗೆ ಬಣ್ಣಗಳ ಹೆಸರಿನ ನಿಬ್ಬುಗಳನ್ನು ಕೊಟ್ಟಿತು. ಕೆಂಪು ಎಂದರೆ ಸಾಮಾನ್ಯ ಬರಹಕ್ಕೆ, ಹಸಿರು ಎಂದರೆ ಬಾಗದ ಗಟ್ಟಿ ನಿಬ್ಬು, ಗುಲಾಬಿ ಎಂದರೆ ಬಾಗುವ ತೆಳು ನಿಬ್ಬು. ಅಮೆರಿಕದ್ದೇ ಆದ ಎಸ್ಟರ್‌ಬ್ರುಕ್ ಕಂಪನಿ ನಿಬ್ಬನ್ನು ತಿರುಪಿನಂತೆ ಬಿಚ್ಚಿ ಬೇರೆಯದನ್ನು ಹಾಕುವ ವ್ಯವಸ್ಥೆ ಮಾಡಿ, ಒಂದೊಂದಕ್ಕೂ ನಾಲ್ಕಂಕಿಯ ಸಂಖ್ಯೆ ಕೊಟ್ಟಿತು. 1550 ಲೆಕ್ಕಪುಸ್ತಕ ಬರೆಯುವವರ ಅತಿ ತೆಳು ನಿಬ್ಬು, 2668 ದಿನಬಳಕೆಯ ಮಧ್ಯಮ, 1555 ಗ್ರೆಗ್ ಶೀಘ್ರಲಿಪಿಯವರದ್ದು. ಕೆಳಗೆ ಕಾರ್ಬನ್ ಹಾಳೆ ಇಟ್ಟು ನಕಲು ತೆಗೆಯುವ ಗುಮಾಸ್ತರಿಗೆ ಒತ್ತಿದರೂ ಬಾಗದ ನಿಬ್ಬು ಬೇರೆ ಇತ್ತು.

ಇವುಗಳಲ್ಲಿ ನನಗೆ ಹೆಚ್ಚು ಕುತೂಹಲದ್ದು ಪಿಟ್ಮನ್ ಶೀಘ್ರಲಿಪಿಯ ಸಂಗತಿ. ಐಸಾಕ್ ಪಿಟ್ಮನ್ 1837ರಲ್ಲಿ ಪ್ರಕಟಿಸಿದ ಆ ಪದ್ಧತಿಯಲ್ಲಿ ‘ಪ’ಕಾರಕ್ಕೂ ‘ಬ’ಕಾರಕ್ಕೂ ಗೆರೆ ಒಂದೇ. ತೆಳುವಾಗಿ ಎಳೆದರೆ ‘ಪ’, ಒತ್ತಿ ದಪ್ಪಗೆ ಎಳೆದರೆ ‘ಬ’. ‘ತ’ ‘ದ’ಗಳಿಗೂ ಇದೇ ನಿಯಮ. ನಾವು ವ್ಯಾಕರಣದಲ್ಲಿ ಅಘೋಷ, ಘೋಷ ಎಂದು ಓದುವ ವ್ಯತ್ಯಾಸವನ್ನು ಪಿಟ್ಮನ್ ಗೆರೆಯ ದಪ್ಪಕ್ಕೆ ಒಪ್ಪಿಸಿದ. ಅಲ್ಲಿ ಬಾಗದ ನಿಬ್ಬು ಹಿಡಿದವನಿಗೆ ಅರ್ಧ ವ್ಯಂಜನಮಾಲೆಯೇ ಇಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಪಿಟ್ಮನ್ ಕಲಿತ ನಮ್ಮ ಹಿಂದಿನ ತಲೆಮಾರಿನವರಿಗೆ ಬಾಗುವ ನಿಬ್ಬು ಅಲಂಕಾರವಾಗಿರಲಿಲ್ಲ, ಅಕ್ಷರವೇ ಆಗಿತ್ತು.

ಲಿಪಿಯೊಂದು ತನ್ನ ಲೇಖನಿಯನ್ನು ತಾನೇ ಅಳೆದುಕೊಂಡ ನಿದರ್ಶನಗಳು ಬೇರೆಯೂ ಇವೆ. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಮುಕ್ಲಾ ಅರಬ್ಬೀ ಅಕ್ಷರಗಳ ಪ್ರಮಾಣವನ್ನು ಕಟ್ಟಿದ್ದು ಜೊಂಡಿನ ಲೇಖನಿ ಊರಿದಾಗ ಮೂಡುವ ಚುಕ್ಕೆಯನ್ನು ಅಳತೆಗೋಲಾಗಿಟ್ಟುಕೊಂಡು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜಾನ್‌ಸ್ಟನ್ 1906ರ ತನ್ನ ಪುಸ್ತಕದಲ್ಲಿ ಅಗಲ ಮೊನೆಯ ಲೇಖನಿಯ ವಿದ್ಯೆಯನ್ನು ಮತ್ತೆ ಕಲಿಸಿದ. ಆ ಪರಂಪರೆಯಲ್ಲಿ ಅಕ್ಷರದ ಎತ್ತರ ಇಷ್ಟು ನಿಬ್ಬಿನಗಲ ಎಂದೇ ಲೆಕ್ಕ. ಜಪಾನಿನ ಸೇಲರ್, ಪೈಲಟ್, ಪ್ಲಾಟಿನಂ ಮೂರೂ ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಹುಟ್ಟಿದವು. ಅವುಗಳ ‘ಫೈನ್’ ನಿಬ್ಬು ಯುರೋಪಿನ ‘ಎಕ್ಸ್‌ಟ್ರಾ ಫೈನ್’ ನಿಬ್ಬಿನಷ್ಟು ತೆಳು. ಹತ್ತು ಹದಿನೈದು ಗೆರೆಗಳು ಒಂದೇ ಚೌಕದಲ್ಲಿ ಕೂರಬೇಕಾದ ಕಾಂಜಿ ಅಕ್ಷರಕ್ಕೆ ಅದಕ್ಕಿಂತ ದಪ್ಪ ಸಲ್ಲದು. ಸೇಲರ್ ಕಂಪನಿಯ ನೊಬುಯೋಶಿ ನಗಹಾರಾ ಇನ್ನೂ ಮುಂದೆ ಹೋಗಿ, ಪೆನ್ನು ಹಿಡಿದ ಕೋನಕ್ಕೆ ತಕ್ಕಂತೆ ಗೆರೆ ದಪ್ಪವೋ ತೆಳುವೋ ಆಗುವಂತೆ ನಿಬ್ಬಿನ ಮೊನೆಯನ್ನು ಉದ್ದವಾಗಿ ಅರೆದರು. ಕುಂಚದ ನೆನಪು ಲೋಹಕ್ಕೆ ಬಂದದ್ದು ಹಾಗೆ.

ನಮ್ಮಲ್ಲಿ? ರಾಜಮಂಡ್ರಿಯಲ್ಲಿ 1930ರ ದಶಕದಲ್ಲಿ ಸ್ವದೇಶಿ ಪೆನ್ನು ತಯಾರಾಯಿತು, ಗಾಂಧೀಜಿ 1935ರಲ್ಲಿ ಅದನ್ನು ಮೆಚ್ಚಿ ಪತ್ರ ಬರೆದರು. ಕನ್ನಡದ ಒಡಹುಟ್ಟಾದ ತೆಲುಗು ಲಿಪಿಯ ನಾಡು ಅದು. ಎಬೊನೈಟಿನ ಆ ಪೆನ್ನುಗಳು ಇಂದಿಗೂ ನನಗೆ ಪ್ರಿಯ. ಆದರೂ ನಮ್ಮ ಅಂಗಡಿಗಳಲ್ಲಿ ನಿಬ್ಬು ಕೇಳುವ ಮಾತು ಇವತ್ತಿಗೂ ಫೈನ್, ಮೀಡಿಯಂ, ಬ್ರಾಡ್ ಎಂದೇ. ಪೆನ್ನು ನಮ್ಮದಾಯಿತು, ಅಳತೆ ಎರವಲಿನದಾಗಿಯೇ ಉಳಿಯಿತು.

ಕನ್ನಡ ಲಿಪಿಗೆ ತನ್ನದೇ ಲೇಖನಿಯ ನೆನಪು ಇಲ್ಲದಿಲ್ಲ. ಕುಮಾರವ್ಯಾಸ ತನ್ನ ಅಗ್ಗಳಿಕೆಗಳನ್ನು ಎಣಿಸುವ ಪದ್ಯವನ್ನು ಪದವಿ ತರಗತಿಯಲ್ಲಿ ಓದಿದವರೆಲ್ಲ ಬಲ್ಲರು. ಹಲಗೆ ಬಳಪಗಳ ಹಂಗಿಲ್ಲದೆ, ಇಟ್ಟ ಪದವನ್ನು ಅಳಿಸದೆ, ಓಲೆಯ ಮೇಲೆ ಕಂಠ ಎಬ್ಬಿಸುವ ಸದ್ದು ನಡುವೆ ಕಡಿಯದಂತೆ ಬರೆದೆನೆಂಬುದು ಅಲ್ಲಿನ ಹೆಮ್ಮೆ. ವಿಮರ್ಶಕರು ಇದನ್ನು ಪ್ರತಿಭೆಯ ಓಘವೆಂದು ಓದುತ್ತಾರೆ, ಸರಿಯೇ. ಆದರೆ ಆ ಓಘಕ್ಕೆ ಕವಿ ಆರಿಸಿಕೊಂಡ ಸಾಕ್ಷಿ ಬರೆಯುವ ಉಪಕರಣದ ಸದ್ದು. ಕಂಠ ಎಂದರೆ ಓಲೆಯನ್ನು ಕೊರೆಯುವ ಲೋಹದ ಮೊನೆ. ಅದು ಮಸಿ ಚೆಲ್ಲುವುದಿಲ್ಲ, ಒತ್ತಿದರೆ ಗೆರೆ ಆಳವಾಗುತ್ತದೆಯೇ ಹೊರತು ಹೆಚ್ಚು ದಪ್ಪವಾಗುವುದಿಲ್ಲ. ಬರೆದು ಮುಗಿದ ಮೇಲೆ ಕಾಡಿಗೆ ಸವರಿದಾಗಷ್ಟೆ ಅಕ್ಷರ ಕಣ್ಣಿಗೆ ಕಾಣುತ್ತದೆ. ಹೀಗೆ ಬೆಳೆದ ಬರಹದಲ್ಲಿ ಗೆರೆ ಉದ್ದಕ್ಕೂ ಒಂದೇ ತೆಳು. ಅಕ್ಷರದಿಂದ ಅಕ್ಷರಕ್ಕೆ ವ್ಯತ್ಯಾಸ ಮಾಡುವುದು ಗೆರೆಯ ದಪ್ಪವಲ್ಲ, ಗೆರೆ ಸುತ್ತುವರಿದ ಬಿಳಿ ಜಾಗ.

ನನ್ನ ವಾದ ಇರುವುದು ಇಲ್ಲಿ. ಕನ್ನಡಕ್ಕೆ ನಿಬ್ಬು ಆರಿಸುವಾಗ ನೋಡಬೇಕಾದ್ದು ಕಪ್ಪನ್ನಲ್ಲ, ಬಿಳಿಯನ್ನು.

‘ರ’ ಮತ್ತು ‘ಠ’ ಅಕ್ಷರಗಳನ್ನು ಪಕ್ಕಪಕ್ಕ ಬರೆದು ನೋಡಿ. ಒಳಗಿನ ಚುಕ್ಕೆಯೊಂದೇ ಅಂತರ. ‘ದ’ದ ಕೆಳಗೆ ಸೀಳುಗೆರೆ ಕೊಟ್ಟರೆ ‘ಧ’, ಅದರ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ‘ಥ’. ‘ಪ’ದ ಮೇಲಿನ ಸಂದು ಮುಚ್ಚಿಕೊಂಡರೆ ‘ವ’ ಎಂದು ಓದುವ ಅಪಾಯ. ದಪ್ಪ ನಿಬ್ಬು, ನೀರಾದ ಮಸಿ, ಹೀರುವ ಕಾಗದ ಮೂರೂ ಸೇರಿದರೆ ಮೊದಲು ಮುಳುಗುವುದು ಈ ಚುಕ್ಕೆ, ಈ ಸಂದು. ‘ಅರ್ಥ’ ಎಂದು ಬರೆದದ್ದನ್ನು ‘ಅರ್ಧ’ ಎಂದು ಓದಲು ಒಂದು ಚುಕ್ಕೆ ಹೂತುಹೋದರೆ ಸಾಕು. ಇದು ಪದಚಮತ್ಕಾರವಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಲಿಪಿಕಾರನ ಕೈಯಲ್ಲಿ ಒಂದಕ್ಷರ ಇನ್ನೊಂದಾಗುವುದು ಎಷ್ಟು ಗಂಭೀರ ಸಂಗತಿ ಎಂದು ಗೊತ್ತು. ಪಾಠಾಂತರಗಳು ಹುಟ್ಟುವ ದಾರಿಗಳಲ್ಲಿ ಅದೂ ಒಂದು.

ಇದರಲ್ಲಿ ನನಗೆ ನೇರವಾದ ಸಂಬಂಧವಿದೆ. ಹಸ್ತಪ್ರತಿಗಳಿರುವ ಕೆಲವು ಕಡೆ ಮೊಬೈಲಿನಲ್ಲಿ ಚಿತ್ರ ತೆಗೆಯಲು ಬಿಡುವುದಿಲ್ಲ, ಪಾಠವನ್ನು ಕೈಯಲ್ಲೇ ಬರೆದುಕೊಳ್ಳಬೇಕು. ಆ ಓಲೆ ನನ್ನ ಕಣ್ಣಿಗೆ ಮತ್ತೆ ಬೀಳುವುದು ಯಾವಾಗಲೋ. ಅಲ್ಲಿಯವರೆಗೆ ನನ್ನ ಪಾಲಿಗೆ ಆಕರವೆಂದರೆ ನನ್ನ ನೋಟುಪುಸ್ತಕ, ಲಿಪಿಕಾರನೆಂದರೆ ನಾನೇ. ಆದ್ದರಿಂದ ನಿಬ್ಬಿನ ಲೆಕ್ಕವನ್ನು ಮಿಲಿಮೀಟರಿನಲ್ಲೇ ಹಾಕಿಕೊಂಡಿದ್ದೇನೆ. ನಾನು ಬಳಸುವ ಪುಸ್ತಕದಲ್ಲಿ ಗೆರೆಯಿಂದ ಗೆರೆಗೆ 8 ಮಿ.ಮೀ. ಕನ್ನಡದ ಸಾಲು ಮೂರು ಅಂತಸ್ತಿನದು. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಈ ಹಂಚಿಕೆಯಲ್ಲಿ ನನ್ನ ಒತ್ತಕ್ಷರಕ್ಕೆ ಸಿಗುವ ಎತ್ತರ ಸುಮಾರು 2 ಮಿ.ಮೀ. ಗೆರೆ 0.8 ಮಿ.ಮೀ. ದಪ್ಪವಿದ್ದರೆ ಮೇಲಿನ ಗೆರೆ ಕೆಳಗಿನ ಗೆರೆ ಸೇರಿ 1.6 ತಿಂದು, ಒಳಗೆ ಉಳಿಯುವ ಬಿಳಿ 0.4. ಗೆರೆ 0.4 ಇದ್ದರೆ ಬಿಳಿ 1.2. ನಿಬ್ಬಿನ ಅಗಲ ಅರ್ಧವಾದರೆ ಅಕ್ಷರದೊಳಗಿನ ಬೆಳಕು ಮೂರು ಪಟ್ಟಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ಯಂತಹ ಪದಗಳಲ್ಲಿ ಒತ್ತಿನ ಪಕ್ಕ ಇನ್ನೊಂದು ಒತ್ತು ಕೂರಬೇಕಾದಾಗ ಇದರ ಬೆಲೆ ತಿಳಿಯುತ್ತದೆ.

ಬೆಣ್ಣೆಯಂತೆ ಜಾರಬೇಕೆಂಬ ಮೆಚ್ಚುಗೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ರೋಮನ್ ಕೂಡುಬರಹದಲ್ಲಿ ಪದ ಮುಗಿಯುವವರೆಗೂ ಪೆನ್ನು ಕಾಗದ ಬಿಟ್ಟು ಏಳಬೇಕಿಲ್ಲ. ಕನ್ನಡದಲ್ಲಿ ತಲೆಕಟ್ಟಿಗೆ, ಒತ್ತಿಗೆ, ದೀರ್ಘಕ್ಕೆ, ಅರ್ಕಾವೊತ್ತಿಗೆ ಎಂದು ಕೈ ಮತ್ತೆ ಮತ್ತೆ ಮೇಲೇಳುತ್ತದೆ. ಆದ್ದರಿಂದ ನಮಗೆ ಬೇಕಾದ ಮುಖ್ಯ ಗುಣ ಜಾರುವಿಕೆಯಲ್ಲ, ಊರಿದ ಕ್ಷಣವೇ ಮಸಿ ಬಿಡುವುದು. ಅತಿಯಾಗಿ ನುಣುಪು ಮಾಡಿದ ನಿಬ್ಬಿನಲ್ಲಿ ನಡುಸೀಳಿನ ಒಳಅಂಚುಗಳು ಉರುಟಾಗಿ, ಮಸಿ ಕಾಗದ ಮುಟ್ಟದೆ ಮೇಲೆಯೇ ನಿಲ್ಲುತ್ತದೆ. ಮೊದಲ ಗೆರೆ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಪದಕ್ಕೊಮ್ಮೆ ಕಾಡುವ ಈ ತೊಂದರೆ ಕನ್ನಡದಲ್ಲಿ ಅಕ್ಷರಕ್ಕೆ ಎರಡು ಸಲ ಕಾಡಬಹುದು. ಬಾಗುವ ನಿಬ್ಬಿನ ಕಥೆಯೂ ಅಷ್ಟೆ. ಅದು ದಪ್ಪ ಗೆರೆ ಕೊಡುವುದು ತನ್ನ ಕಡೆಗೆ ಎಳೆದಾಗ. ಮುಂದಕ್ಕೆ ತಳ್ಳಿದರೆ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮ ದುಂಡಕ್ಷರಗಳು ಎಲ್ಲ ದಿಕ್ಕಿಗೂ ತಿರುಗುವಂಥವು, ಎಳೆತದಷ್ಟೇ ತಳ್ಳುವುದೂ ಇದೆ. ಸಂಗ್ರಹಕಾರರು ದುಬಾರಿ ಬೆಲೆ ಕೊಟ್ಟು ತರುವ ಗುಣ ಕನ್ನಡದ ಕೈಗೆ ಬಹಳ ಸಲ ತೊಡಕು.

ಹಾಗೆಂದು ತೆಳು ನಿಬ್ಬೇ ಶ್ರೇಷ್ಠವೆಂದು ಘೋಷಿಸಿದರೆ ಒಂದು ಮೂಢನಂಬಿಕೆಯ ಜಾಗಕ್ಕೆ ಇನ್ನೊಂದನ್ನು ತಂದಂತೆ. ಅತಿ ತೆಳು ಮೊನೆ ಒರಟು ಕಾಗದದ ನಾರನ್ನು ಕೀಳುತ್ತದೆ, ಕೈ ಭಾರವಿದ್ದವರಿಗೆ ದಣಿವು ತರುತ್ತದೆ. ಮಧ್ಯಮ ನಿಬ್ಬಿನಲ್ಲಿ ಮಸಿಯ ಬಣ್ಣ ತುಂಬಿ ಬರುತ್ತದೆ. ಅಕ್ಷರ ದೊಡ್ಡದಿದ್ದರೆ ಅದರೊಳಗಿನ ಬಿಳಿಗೂ ಕೊರತೆಯಿಲ್ಲ. ಪತ್ರ ಬರೆಯುವವರು, ವಯಸ್ಸಾಗಿ ಕಣ್ಣು ಮಂಜಾದ ಓದುಗರಿಗಾಗಿ ಬರೆಯುವವರು ಅದನ್ನೇ ಆರಿಸಿಕೊಂಡರೆ ತಪ್ಪೇನಿಲ್ಲ. 1.1 ಮಿ.ಮೀ.ನ ಚಪ್ಪಟೆ ಮೊನೆಯಲ್ಲಿ ಬರೆದ ಕನ್ನಡ ಶೀರ್ಷಿಕೆ ನಿಜಕ್ಕೂ ಚೆಂದ. ಕೇಳಬೇಕಾದ್ದು ಇಷ್ಟೆ: ನನ್ನ ಅಕ್ಷರದ ಗಾತ್ರಕ್ಕೆ, ಈ ಕಾಗದದ ಮೇಲೆ, ಓದುವವರ ಕಣ್ಣಿಗೆ ಎಷ್ಟು ಬಿಳಿ ಬೇಕು?

ಕನ್ನಡದಲ್ಲಿ ಇಂಕ್ ಪೆನ್ನಿನ ಬಗ್ಗೆ ಬರುವ ಪ್ರಬಂಧಗಳಲ್ಲಿ ಈ ಪ್ರಶ್ನೆ ಕಾಣದಿರುವುದು ನನಗೆ ಕೊರತೆಯೆನಿಸುತ್ತದೆ. ಅಪ್ಪನ ಜೇಬಿನ ಪೆನ್ನು, ಅಂಗಿಯ ಮೇಲಿನ ನೀಲಿ ಕಲೆ, ಪರೀಕ್ಷೆಯ ದಿನ ಕೈಕೊಟ್ಟ ನಿಬ್ಬು, ಹೀರೋ ಪೆನ್ನಿನ ಚಿನ್ನದ ಬಣ್ಣದ ಮುಚ್ಚಳ. ಇವು ಒಳ್ಳೆಯ ನೆನಪುಗಳೇ. ಆದರೆ ಇವುಗಳಲ್ಲಿ ಪೆನ್ನು ಮನುಷ್ಯರನ್ನು ನೆನಪಿಸುವ ನೆಪ, ಅದು ಬರೆದ ಅಕ್ಷರ ಹೇಗಿತ್ತೆಂಬ ಒಂದು ವಾಕ್ಯವೂ ಇರುವುದಿಲ್ಲ. ಸಂಗ್ರಹಕಾರ ಪೆನ್ನನ್ನು ವಸ್ತುವಾಗಿ ನೋಡುತ್ತಾನೆ, ಪ್ರಬಂಧಕಾರ ಭಾವವಾಗಿ ನೋಡುತ್ತಾನೆ. ಬರಹ ಇಬ್ಬರ ಕೈಯಿಂದಲೂ ಜಾರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಪೆನ್ನಿನಷ್ಟೇ ಮೂಕವಾದದ್ದು ನೆನಪಿನ ಪೆಟ್ಟಿಗೆಯಲ್ಲಿ ಮಲಗಿದ ಪೆನ್ನು. ಇವತ್ತು ಎಂ.ಎ. ವಿದ್ಯಾರ್ಥಿಯೊಬ್ಬರು ಕನ್ನಡವನ್ನು ಕೈಯಲ್ಲಿ ಉದ್ದಕ್ಕೆ ಬರೆಯುವುದು ಬಹುತೇಕ ಪರೀಕ್ಷೆಯಲ್ಲಿ ಮಾತ್ರ. ಕೈಬರಹ ಹೀಗೆ ಅಪರೂಪವಾಗುತ್ತಿರುವಾಗ ಅದರ ವಿಮರ್ಶೆಯನ್ನು ಹಳಹಳಿಕೆಗೆ ಬಿಟ್ಟುಕೊಟ್ಟರೆ ಉಳಿಯುವುದು ಲೋಹ ಮತ್ತು ನಿಟ್ಟುಸಿರು.

ಪೆನ್ನಿನ ಅಂಗಡಿಯಲ್ಲಿ ಗಿರಾಕಿಗಳು ನಿಬ್ಬನ್ನು ಪರೀಕ್ಷಿಸುವುದನ್ನು ಗಮನಿಸಿ. ಬಹಳಷ್ಟು ಜನ ತಮ್ಮ ಸಹಿ ಹಾಕಿ ನೋಡುತ್ತಾರೆ, ಅದೂ ಇಂಗ್ಲಿಷಿನಲ್ಲಿ. ಸಹಿಯನ್ನು ಯಾರೂ ಅಕ್ಷರ ಬಿಡಿಸಿ ಓದುವುದಿಲ್ಲ, ಯಾವ ನಿಬ್ಬಿಗಾದರೂ ಅದು ಸುಲಭದ ಪರೀಕ್ಷೆ. ಮುಂದಿನ ಸಲ ಒಂದು ಸಾಲು ಕನ್ನಡ ಬರೆಯಿರಿ. ಅದರಲ್ಲಿ ‘ಅರ್ಥ’ವೂ ಇರಲಿ, ‘ಅರ್ಧ’ವೂ ಇರಲಿ, ಒಂದು ‘ರಾಷ್ಟ್ರ’ವೂ ಇರಲಿ. ಮಸಿ ಆರಲು ಬಿಟ್ಟು, ಆ ಹಾಳೆಯನ್ನು ಪಕ್ಕದಲ್ಲಿರುವವರಿಗೆ ಕೊಟ್ಟು ಓದಿಸಿ. ಅವರು ತಡವರಿಸದೆ ಓದಿದರೆ ಆ ನಿಬ್ಬು ಕನ್ನಡದ್ದು, ಅದನ್ನು ಯಾವ ದೇಶದಲ್ಲಿ ಯಾವ ವರ್ಷ ಮಾಡಿದ್ದರೂ.