ಎರಡನೇ ಜಾವದ ಬರವಣಿಗೆ: ಸಲ್ಮಾ ಕಥೆ ಕಟ್ಟುವ ಬಗೆ

ತಮಿಳಿನ ಲೇಖಕಿ ಸಲ್ಮಾ ಅವರ ಬಗ್ಗೆ ಚೆನ್ನೈನಲ್ಲಿ ಯಾರ ಹತ್ತಿರ ಮಾತು ತೆಗೆದರೂ ಮೊದಲು ಬರುವುದು ಆ ಶೌಚಾಲಯದ ಕಥೆ. ಗಂಡನ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅಲ್ಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಿಂತೇ ಕವಿತೆ ಬರೆದರು. ಕಾಗದದ ಚೂರುಗಳನ್ನು ಬಚ್ಚಿಟ್ಟರು. ತಾಯಿ ಅದನ್ನು ಯಾರಿಗೂ ಕಾಣದಂತೆ ಹೊರಗೆ ಸಾಗಿಸಿದರು. ಬ್ರಿಟನ್ನಿನ ಕಿಮ್ ಲಾಂಗಿನೊಟ್ಟೊ 2013ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಮೇಲಂತೂ ಇದು ಊರೂರಿಗೆ ಗೊತ್ತಾಯಿತು. ಇಲ್ಲಿನ ಪುಸ್ತಕ ಮೇಳವೊಂದರಲ್ಲಿ ಅವರ ಕಾದಂಬರಿ ಕೈಗೆತ್ತಿಕೊಂಡಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಉತ್ಸಾಹದಿಂದ ಇದೇ ಕಥೆ ಹೇಳಿದಳು. ಕಾದಂಬರಿ ಹೇಗಿದೆ ಅಂತ ಕೇಳಿದೆ. "ಇನ್ನೂ ಓದಿಲ್ಲ, ಸಿನಿಮಾ ನೋಡಿದ್ದೇನೆ" ಅಂದಳು.

ಅವಳ ತಪ್ಪೇನೂ ಇಲ್ಲ. ಮುಸ್ಲಿಮ್ ಹೆಣ್ಣುಮಗಳೊಬ್ಬಳು ಬರೆದರೆ, ಏನು ಬರೆದಳು ಅನ್ನುವುದಕ್ಕಿಂತ ಹೇಗೆ ತಪ್ಪಿಸಿಕೊಂಡು ಬರೆದಳು ಅನ್ನುವುದೇ ಜನರಿಗೆ ದೊಡ್ಡದಾಗುತ್ತದೆ. ಬದುಕು ಬರಹವನ್ನು ನುಂಗಿಬಿಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಸಲ್ಮಾ ಕಥೆಯನ್ನು ಹೇಗೆ ಕಟ್ಟುತ್ತಾರೆ? ಅದರಿಂದ ನಮ್ಮ ಕನ್ನಡದ ಮುಸ್ಲಿಮ್ ಬರಹಗಾರರು, ಅದರಲ್ಲೂ ಈಗಷ್ಟೇ ಬರೆಯಲು ಕೂತವರು ಕಲಿಯುವುದೇನಿದೆ?

ಮೊದಲು ಬದುಕಿನ ವಿವರ ಸ್ವಲ್ಪ ಬೇಕು. ಸಲ್ಮಾ ಹುಟ್ಟಿದ್ದು 1968ರಲ್ಲಿ, ತಿರುಚಿರಾಪಳ್ಳಿ ಕಡೆಯ ತುವರಂಕುರಿಚಿಯಲ್ಲಿ. ಹದಿಮೂರರ ಆಸುಪಾಸಿನಲ್ಲಿ ಶಾಲೆ ನಿಂತಿತು. ಗೆಳತಿಯರ ಜತೆ ಊರಿನ ಟಾಕೀಸಿಗೆ ಸಿನಿಮಾ ನೋಡಲು ಹೋದದ್ದು ಮನೆಯವರಿಗೆ ಗೊತ್ತಾದದ್ದು ಅದಕ್ಕೊಂದು ನೆಪ. ಆಮೇಲೆ ಮನೆಯೇ ಲೋಕ, ಊರಿನ ಲೈಬ್ರರಿಯಿಂದ ಬರುವ ಪುಸ್ತಕಗಳೇ ಕಿಟಕಿ. ಮದುವೆಯಾದ ಮೇಲೆ ಬರೆಯುವುದಕ್ಕೂ ಅಡ್ಡಿ. ಸಲ್ಮಾ ಅನ್ನುವುದು ಬರಹಕ್ಕೆ ಇಟ್ಟುಕೊಂಡ ಹೆಸರು, ಊರಿಗೆ ಅವರು ರೊಕ್ಕಯ್ಯಾ. 2001ರಲ್ಲಿ ಪಂಚಾಯತ್ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ಮನೆಯವರೇ ಅವರನ್ನು ಚುನಾವಣೆಗೆ ನಿಲ್ಲಿಸಿದರು, ಗೆದ್ದರು. ಮುಂದೆ ಚೆನ್ನೈಗೆ ಬಂದು ತಮಿಳುನಾಡು ಸಮಾಜ ಕಲ್ಯಾಣ ಮಂಡಳಿಯ ಅಧ್ಯಕ್ಷರಾದರು. 2025ರಲ್ಲಿ ರಾಜ್ಯಸಭೆಗೂ ಆಯ್ಕೆಯಾದರು.

ಈಗ ಅವರ ಪುಸ್ತಕಗಳ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. ಮೊದಲ ಕವನ ಸಂಕಲನ 'ಒರು ಮಾಲೈಯುಂ ಇನ್ನೊರು ಮಾಲೈಯುಂ' ಬಂದದ್ದು 2000ದಲ್ಲಿ. ಎರಡನೆಯದು 'ಪಚ್ಚೈ ದೇವದೈ' 2003ರಲ್ಲಿ. 'ಇರಂಡಾಂ ಜಾಮಂಗಳಿನ್ ಕದೈ' ಎಂಬ ದೊಡ್ಡ ಕಾದಂಬರಿ 2004ರಲ್ಲಿ. ಆಮೇಲೆ 'ಸಾಬಂ' ಕಥೆಗಳು, 2016ರಲ್ಲಿ ಇನ್ನೊಂದು ಕಾದಂಬರಿ 'ಮನಾಮಿಯಂಗಳ್'. ಬಚ್ಚಿಟ್ಟುಕೊಂಡು ಬರೆಯುವಾಗ ಬಂದದ್ದು ಕವಿತೆ. ಮನೆಯ ಬಾಗಿಲು ತೆರೆದ ಮೇಲೆ ಪ್ರಕಟವಾದದ್ದು ಕಾದಂಬರಿ. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಕವಿತೆ ಅಂಗೈಯಗಲದ ಕಾಗದದಲ್ಲಿ ಹಿಡಿಯುತ್ತದೆ, ಹತ್ತು ನಿಮಿಷದಲ್ಲಿ ಬರೆದು ಮಡಚಿಡಬಹುದು. ಕಾದಂಬರಿಗೆ ಮೇಜು ಬೇಕು, ನಿನ್ನೆ ಬರೆದದ್ದು ಇವತ್ತು ಅಲ್ಲೇ ಇರುತ್ತದೆ ಅನ್ನುವ ಧೈರ್ಯ ಬೇಕು. ಸ್ಫೂರ್ತಿ ಎಲ್ಲಿಂದ ಬರುತ್ತದೆ ಅಂತ ನಾವು ಲೇಖಕರನ್ನು ಕೇಳುತ್ತಲೇ ಇರುತ್ತೇವೆ. ಬರೆಯಲು ಜಾಗ ಎಲ್ಲಿತ್ತು, ಹೊತ್ತು ಎಷ್ಟಿತ್ತು ಅಂತಲೂ ಕೇಳಬೇಕು.

ನಮ್ಮಲ್ಲೂ ಹೀಗೆಯೇ. ಕಾಸರಗೋಡಿನ ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ನಾಲ್ಕು ಗಂಡುಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡುವ ಹೊತ್ತೆಲ್ಲ ಕಳೆದ ಮೇಲೆ ಅವರು ಪೆನ್ನು ಹಿಡಿದರು. ಹಾಸನದ ಬಾನು ಮುಷ್ತಾಕ್ ವಕೀಲರು. ಕಷ್ಟ ಹೇಳಿಕೊಂಡು ಬರುವ ಹೆಂಗಸರ ಮಾತು ಕೇಳುವುದೇ ಅವರ ಉದ್ಯೋಗ. ಅವರ ಕಥೆಗಳಲ್ಲಿ ವಾದ, ಪ್ರತಿವಾದ, ಅಹವಾಲಿನ ಧಾಟಿ ಇರುವುದು ಸುಮ್ಮನೆ ಅಲ್ಲ. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಒಬ್ಬರಿಗೆ ನಡುರಾತ್ರಿ, ಒಬ್ಬರಿಗೆ ಮಕ್ಕಳು ದೊಡ್ಡವರಾದ ಮೇಲಿನ ಬಿಡುವು, ಒಬ್ಬರಿಗೆ ಕಕ್ಷಿದಾರರ ಎದುರಿನ ಕುರ್ಚಿ. ಮೂವರ ಬರಹದ ರೂಪವೂ ಅದರಂತೆಯೇ ಬೇರೆ ಬೇರೆ.

ಕಾದಂಬರಿಗೆ ಬರೋಣ. ಹೆಸರನ್ನು ಕನ್ನಡದಲ್ಲಿ 'ಎರಡನೇ ಜಾವಗಳ ಕಥೆ' ಅನ್ನಬಹುದು. ಲಕ್ಷ್ಮಿ ಹೋಲ್ಮ್‌ಸ್ಟ್ರಾಮ್ ಅವರ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು, ನನ್ನ ಅರೆಬರೆ ತಮಿಳಿನಲ್ಲಿ ಮೂಲ ಓದಿದೆ. ಇದರಲ್ಲಿ ನಾಯಕ ನಾಯಕಿ ಅಂತ ಯಾರೂ ಇಲ್ಲ. ರಾಬಿಯಾ ಎಂಬ ಚಿಕ್ಕ ಹುಡುಗಿ, ಅವಳ ತಾಯಿ, ಚಿಕ್ಕಮ್ಮಂದಿರು, ನೆರೆಮನೆಯವರು, ಮದುವೆಯಾಗಿ ಹೋಗುವ ವಹೀದಾ, ಗಂಡನ ಮನೆ ಬಿಟ್ಟು ಬಂದ ಫಿರ್ದೌಸ್, ಹೀಗೆ ಬೀದಿ ತುಂಬ ಹೆಂಗಸರು. ಗಂಡಸರು ಹೆಚ್ಚಾಗಿ ಹೊರದೇಶದಲ್ಲಿ, ಇಲ್ಲವೇ ಅಂಗಡಿಯಲ್ಲಿ. ಮೊದಲ ಐವತ್ತು ಪುಟ ಓದುವಾಗ ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯದೆ ನಾನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಗೊತ್ತಾಯಿತು, ಮದುವೆಮನೆಗೆ ಹೋದಾಗ ನಮಗೆ ಆಗುವುದೂ ಇದೇ ಅಲ್ವಾ? ಕೋಣೆ ತುಂಬ ಹೆಂಗಸರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿರುತ್ತಾರೆ. ಅರ್ಧ ದಿನ ಕಳೆದ ಮೇಲೆ ಯಾರ ದುಃಖ ಯಾವುದು ಅಂತ ನಿಧಾನಕ್ಕೆ ತಿಳಿಯುತ್ತದೆ. ಸಲ್ಮಾ ಕಥೆ ಕಟ್ಟುವುದು ಆ ರೀತಿಯಲ್ಲಿ. ಬರೆಯುವ ಮೊದಲು ಅವರು ವರ್ಷಗಟ್ಟಲೆ ಕೇಳಿಸಿಕೊಂಡಿದ್ದಾರೆ.

ಸಿನಿಮಾದ ಪ್ರಸಂಗವನ್ನೇ ತೆಗೆದುಕೊಳ್ಳಿ. ಅವರ ಬದುಕಿನಲ್ಲಿ ಓದನ್ನು ನಿಲ್ಲಿಸಿದ ಘಟನೆ ಅದು. ಕಾದಂಬರಿಯಲ್ಲಿ ರಾಬಿಯಾ ಗೆಳತಿಯರ ಜತೆ ಕದ್ದು ಸಿನಿಮಾಕ್ಕೆ ಹೋಗುತ್ತಾಳೆ, ಮನೆಯಲ್ಲಿ ಪೆಟ್ಟು ತಿನ್ನುತ್ತಾಳೆ. ಬೇರೆಯವರಾಗಿದ್ದರೆ ಇಡೀ ಪುಸ್ತಕವನ್ನು ಆ ಪೆಟ್ಟಿನ ಸುತ್ತ ಕಟ್ಟುತ್ತಿದ್ದರೇನೋ. ಸಲ್ಮಾ ಅದನ್ನು ಒಂದು ಮಗುವಿಗೆ ಕೊಟ್ಟು, ಬದಿಗೆ ಸರಿಸಿ, ಮುಂದೆ ಹೋಗುತ್ತಾರೆ. ತನ್ನ ನೋವಿಗಿಂತ ದೊಡ್ಡ ನೋವುಗಳು ಆ ಬೀದಿಯಲ್ಲಿವೆ ಅನ್ನುವ ಅರಿವು ಅಲ್ಲಿದೆ. ಫಿರ್ದೌಸಳ ಪಾಡಿನ ಮುಂದೆ ರಾಬಿಯಾಳ ಪೆಟ್ಟು ಏನೂ ಅಲ್ಲ. ಆತ್ಮಕಥೆ ಕಾದಂಬರಿಯಾಗುವುದು ಎಲ್ಲಿ ಅಂತ ವಿದ್ಯಾರ್ಥಿಗಳು ಕೇಳಿದರೆ ನಾನು ಈ ಜಾಗ ತೋರಿಸುತ್ತೇನೆ.

ಇನ್ನೊಂದು ಮುಖ್ಯ ಸಂಗತಿ ಭಾಷೆ. ಸಲ್ಮಾರ ಹೆಂಗಸರು ಮಾತಾಡುವುದು ತಮಿಳು, ಅವರು ಬರೆಯುವುದೂ ತಮಿಳು. ಉಮ್ಮ, ನೋನ್ಬು, ತೊಳುಗೈ, ಪಳ್ಳಿವಾಸಲ್ ಎಲ್ಲ ಹಾಗೆಯೇ ಬರುತ್ತವೆ. ಬ್ಯಾರಿ ಮಾತಾಡುವ ನನಗೆ ಉಮ್ಮ, ನೋಂಬು, ಪಳ್ಳಿ ಎಂಬ ಪದಗಳನ್ನು ಆ ಪುಟಗಳಲ್ಲಿ ಕಂಡಾಗ ಸಂಬಂಧಿಕರ ಮನೆಗೆ ಬಂದ ಹಾಗಾಯಿತು. ಆದರೆ ಕನ್ನಡದ ಮುಸ್ಲಿಮ್ ಲೇಖಕರಿಗೆ ಈ ಅನುಕೂಲ ಇಲ್ಲ. ಸಾರಾ ಅವರ ನಾದಿರಾ ಮನೆಯಲ್ಲಿ ಮಾತಾಡುವುದು ಮಲಯಾಳ. ಬಾನು ಮುಷ್ತಾಕ್ ಕಥೆಗಳ ಅಡುಗೆಮನೆಯಲ್ಲಿರುವುದು ದಖನಿ ಉರ್ದು. ಬೊಳುವಾರು ಮಹಮ್ಮದ್ ಕುಂಞಿ ಅವರ ಮುತ್ತುಪ್ಪಾಡಿಯಲ್ಲಿ ಬ್ಯಾರಿ. ಇವರೆಲ್ಲ ಪಾತ್ರದ ಬಾಯಿಯ ಮಾತನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದು ಬರೆಯುತ್ತಾರೆ. ಅಂದರೆ ನಮ್ಮ ಕಥೆಗಾರರು ಬರೆಯುವ ಮೊದಲೇ ಅನುವಾದಕರು. ಆ ದಾರಿಯಲ್ಲಿ ಬೈಗುಳ, ಜೋಗುಳ, ಗಾದೆ ಸ್ವಲ್ಪ ಸೋರಿಹೋಗುತ್ತವೆ. 'ಚಂದ್ರಗಿರಿಯ ತೀರದಲ್ಲಿ' ನೇರವಾಗಿ, ವೇಗವಾಗಿ ಸಾಗುತ್ತದೆ. ಸಲ್ಮಾ ಕಾದಂಬರಿಯ ಹರಟೆ, ಗದ್ದಲ ಅಲ್ಲಿಲ್ಲ. ಸಾರಾ ಅವರಿಗೆ ಗದ್ದಲ ಕೇಳಿಸಿರಲಿಲ್ಲ ಅಂತ ಅಲ್ಲ, ಅದಕ್ಕೆ ಕನ್ನಡದಲ್ಲಿ ಸಿದ್ಧ ಮಾತು ಇರಲಿಲ್ಲ. ಆದರೂ ಅವರು ಕನ್ನಡದ ಓದುಗರಿಗೆ ಅದುವರೆಗೆ ಗೊತ್ತಿಲ್ಲದ ಒಂದು ಮನೆಯ ಒಳಗನ್ನು ತೋರಿಸಿದರು. ಮುಂದೆ ಬಂದವರಿಗೆ ದಾರಿ ಸಲೀಸಾಯಿತು.

ಈಗ ನಮ್ಮೊಳಗೆ ಸದಾ ಇರುವ ಆಕ್ಷೇಪ. ನಾನು ಹೈಸ್ಕೂಲಿನಲ್ಲಿ ಸಾರಾ ಅವರ ಪುಸ್ತಕ ಓದುತ್ತಿದ್ದಾಗ ಮನೆಗೆ ಬಂದಿದ್ದ ಹಿರಿಯರೊಬ್ಬರು, ಮನೆಯ ಮಾತನ್ನು ಬೀದಿಗೆ ಯಾಕೆ ತರಬೇಕು, ಮೊದಲೇ ನಮ್ಮನ್ನು ಕಂಡರೆ ಆಗದವರು ಇದನ್ನು ಓದಿ ನಗುವುದಿಲ್ಲವೇ ಅಂದಿದ್ದರು. ಅವರು ಕೆಟ್ಟವರಲ್ಲ. ಆ ಭಯ ಸುಳ್ಳೂ ಅಲ್ಲ, ಇವತ್ತಂತೂ ಇನ್ನೂ ಜಾಸ್ತಿ. ನಮ್ಮ ಕಥೆಯ ಒಂದು ಪುಟ ಹರಿದು ನಮ್ಮ ಮೇಲೆಯೇ ಎಸೆಯುವವರು ಇದ್ದಾರೆ. ಆದರೆ ತಂದೆಯ ಹಠಕ್ಕೆ ತಲಾಖ್ ಆಗಿ, ಕೊನೆಗೆ ಮಸೀದಿಯ ಕೆರೆ ಸೇರುವ ನಾದಿರಾಳ ಬಗ್ಗೆ ನಾವೇ ಬರೆಯದಿದ್ದರೆ ಅವಳ ಬಗ್ಗೆ ಬರೆಯುವವರು ಯಾರು? ಅವಳ ಮೇಲೆ ಪ್ರೀತಿ ಇಲ್ಲದವರು ಬರೆಯುತ್ತಾರೆ. ಸಾರಾ ಮತ್ತು ಸಲ್ಮಾ ಇಬ್ಬರಲ್ಲೂ ಕೋಪ ಇದೆ, ಆದರೆ ತಾತ್ಸಾರ ಇಲ್ಲ. ಸಲ್ಮಾ ಕಾದಂಬರಿಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಅಳುತ್ತಾರೆ, ರಂಝಾನಿನ ರಾತ್ರಿಗಳಿಗೆ ಕಾಯುತ್ತಾರೆ. ಅಲ್ಲಿರುವುದು ಸಂಕಟ ಮಾತ್ರವಲ್ಲ, ಸಂಸಾರ.

ಇನ್ನೂ ಒಂದು ಮಾತು. ಬರೆಯುವ ಹೆಣ್ಣಿಗೆ ಅಡ್ಡಿ ಬರುವುದು ಮುಸ್ಲಿಮ್ ಮನೆಯಲ್ಲಿ ಮಾತ್ರ ಅಂತ ಹೊರಗಿನವರು ತಿಳಿಯಬಾರದು. 2003ರ ಸುಮಾರಿಗೆ ತಮಿಳಿನ ಕವಯಿತ್ರಿಯರ ಮೇಲೆ ಅಶ್ಲೀಲ ಬರೆಯುತ್ತಾರೆ ಎಂಬ ಆರೋಪ ಬಂತು. ಗುರಿಯಾದವರು ಸಲ್ಮಾ, ಕುಟ್ಟಿ ರೇವತಿ, ಮಾಲತಿ ಮೈತ್ರಿ, ಸುಕೀರ್ತರಾಣಿ. ನಾಲ್ವರಲ್ಲಿ ಮುಸ್ಲಿಮ್ ಒಬ್ಬರೇ. ಆರೋಪ ಹೊರಿಸಿದ್ದು ಯಾವುದೇ ಜಮಾಅತ್ ಅಲ್ಲ, ತಮಿಳು ಸಾಹಿತ್ಯ ಮತ್ತು ಸಿನಿಮಾ ವಲಯದ ಗಂಡಸರು.

ಹಾಗಂತ ಸಲ್ಮಾ ಬರಹದಲ್ಲಿ ಕೊರತೆ ಇಲ್ಲವೇ? ಇದೆ. ಅವರ ಗಂಡಸರು ತೆಳು. ಹೊರದೇಶಕ್ಕೆ ಹೋದವರು ಹಣವಾಗಿ ಬರುತ್ತಾರೆ, ಹುಕುಂ ಆಗಿ ಬರುತ್ತಾರೆ, ಮನುಷ್ಯರಾಗಿ ಬರುವುದು ಕಮ್ಮಿ. ಒಂದು ಕೋಣೆಯಲ್ಲಿ ಎಂಟು ಜನ ಮಲಗಿ, ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು, ಮಗುವಿಗೆ ಮುಖ ಪರಿಚಯ ಇಲ್ಲದೆ ನಿಲ್ಲುವ ಅಪ್ಪನ ಕಥೆ ಅಲ್ಲಿಲ್ಲ. 'ಮನಾಮಿಯಂಗಳ್' ಕಾದಂಬರಿಯಲ್ಲಿ ಎರಡನೇ ಮದುವೆ ಮಾಡಿಕೊಳ್ಳುವ ಹಸನ್ ಕೂಡ ಒಂದು ನಿಲುವಿನಂತೆ ಕಾಣುತ್ತಾನೆ, ಮೆಹರ್ ಮಾತ್ರ ಜೀವಂತ ಕಾಣುತ್ತಾಳೆ. ಆದರೆ ಅವರು ಬಾಗಿಲ ಈಚೆಯಿಂದ ಕೇಳಿಸಿಕೊಂಡು ಬರೆದವರು. ಬಾಗಿಲ ಆಚೆಯದನ್ನು ಅಲ್ಲಿದ್ದವರು ಬರೆಯಬೇಕು. ಕರಾವಳಿಯ ಎಷ್ಟು ಮನೆಗಳಲ್ಲಿ ಗಲ್ಫಿಗೆ ಹೋಗಿ ಬಂದವರಿಲ್ಲ? ದೂರು ಹೇಳುವುದಕ್ಕಿಂತ ಅವರು ಕೂತು ಬರೆದರೆ ಒಳ್ಳೆಯದು.

ಕೊನೆಗೆ ಚೆನ್ನೈಗೆ ಸಂಬಂಧಪಟ್ಟ ಒಂದು ಹಳೇ ಸಂಗತಿ. ಬಂಗಾಳದ ರುಖಿಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್' ಮೊದಲು ಅಚ್ಚಾದದ್ದು ಇದೇ ಊರಿನಲ್ಲಿ, 1905ರಲ್ಲಿ, ಕಮಲಾ ಸತ್ಯನಾಥನ್ ನಡೆಸುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಝಿನ್' ಪತ್ರಿಕೆಯಲ್ಲಿ. ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ ರಾಜ್ಯಭಾರ ಮಾಡುವ ಕನಸಿನ ಕಥೆ ಅದು. ರುಖಿಯಾ ಅಕ್ಷರ ಕಲಿತದ್ದೂ ರಾತ್ರಿಯಲ್ಲೇ, ಮನೆಯವರೆಲ್ಲ ಮಲಗಿದ ಮೇಲೆ ಅಣ್ಣನ ಹತ್ತಿರ. ಅದಾಗಿ 99 ವರ್ಷಕ್ಕೆ ಸಲ್ಮಾರ ಎರಡನೇ ಜಾವದ ಕಾದಂಬರಿ ಬಂತು. ಅವರ ಮುಂದಿನ ಕಾದಂಬರಿಯ ಹೆಸರಿನಲ್ಲಿರುವ 'ಮನಾಮ್' ಅಂದರೆ ಅರಬಿಯಲ್ಲಿ ಕನಸು.

ರಾತ್ರಿ ಎದ್ದು ಕೂರುವುದು ನಮಗೆ ಹೊಸದಲ್ಲ. ತಹಜ್ಜುದಿಗೆ ಏಳುವ ಉಮ್ಮಂದಿರನ್ನು ನೋಡಿಯೇ ಬೆಳೆದವರು ನಾವು. ಆ ಹೊತ್ತಿನಲ್ಲಿ ಮನುಷ್ಯ ಸುಳ್ಳು ಹೇಳುವುದು ಕಷ್ಟ. ಸಲ್ಮಾ ಬರಹದ ಬಲ ಇರುವುದು ಆ ಪ್ರಾಮಾಣಿಕತೆಯಲ್ಲಿ ಅಂತ ನನ್ನ ಅನಿಸಿಕೆ. ಆದರೆ ಇನ್ನು ಮುಂದೆ ನಮ್ಮ ಮನೆಯ ಹುಡುಗಿಯರು ಬರೆಯಲು ನಡುರಾತ್ರಿಯವರೆಗೆ ಕಾಯಬೇಕಾಗಬಾರದು. ಇದನ್ನು ಓದುವ ಅಪ್ಪ, ಅಣ್ಣ, ಗಂಡಂದಿರು ಮಾಡಬಹುದಾದದ್ದು ಒಂದಿದೆ: ಹಗಲಿನಲ್ಲಿ ಒಂದು ಮೇಜು, ಒಂದು ಗಂಟೆ ಹೊತ್ತು ಬಿಟ್ಟುಕೊಡಿ. ಬರೆಯುವವರಿಗೆ ಹೇಳುವುದಿಷ್ಟೇ: ಸಿನಿಮಾ ನೋಡಿ ನಿಲ್ಲಿಸಬೇಡಿ, ಪುಸ್ತಕ ಓದಿ. ಆಮೇಲೆ ನಿಮ್ಮುಮ್ಮ ಅಡುಗೆಮನೆಯಲ್ಲಿ ಮಾತಾಡುವಾಗ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟು ಕೇಳಿಸಿಕೊಳ್ಳಿ.