ಕುಲಪತಿ ಶಬ್ದವೂ ವಿಶ್ವವಿದ್ಯಾನಿಲಯದ ಶಾಸನವೂ

ಶಾಸನವೆಂದೊಡನೆ ಈ ಪತ್ರಿಕೆಯ ವಾಚಕರ ಮನಸ್ಸು ಕಲ್ಲಿನ ಕಂಬದ ಕಡೆಗೋ ತಾಮ್ರದ ಹಲಗೆಯ ಕಡೆಗೋ ಹರಿಯುವುದು ಸಹಜವಾಗಿದೆ. ವಿಧಾನಮಂಡಲವು ಮಾಡುವ ಕಾಯಿದೆಗೂ ಅದೇ ಹೆಸರು ಸಲ್ಲುತ್ತದಾದರೂ ಅದನ್ನು ಸಾಹಿತ್ಯದ ಅಧ್ಯಾಪಕರು ಕುಳಿತು ಓದುವ ಪದ್ಧತಿ ನಮ್ಮಲ್ಲಿಲ್ಲ. ಅದು ವಕೀಲರ ಸೊತ್ತೆಂದು ಬಿಟ್ಟು, ಅದರ ಫಲವನ್ನು ಮಾತ್ರ ಅನುಭವಿಸುತ್ತ ಬಂದಿದ್ದೇವೆ. ಪ್ರಕೃತ ಲೇಖನದಲ್ಲಿ ಒಂದು ಕಾಯಿದೆಯನ್ನು, ಹಳೆಯ ದಾನಶಾಸನವೊಂದನ್ನು ಓದುವಂತೆಯೇ, ಶಬ್ದಕ್ಕೆ ಬೆಲೆ ಕೊಟ್ಟು ಓದುವ ಪ್ರಯತ್ನವನ್ನು ಮಾಡಲಾಗಿದೆ. ಆ ಕಾಯಿದೆಯು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಎಂಬುದು. ಅಧಿನಿಯಮ ಸಂಖ್ಯೆ 2001ರ 29. ಉದಾಹರಣೆಗಾಗಿ ತೆಗೆದುಕೊಂಡಿರುವ ವಿದ್ಯಾಸಂಸ್ಥೆಯು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯ.

ದಾನಶಾಸನದ ಮಾತನ್ನು ಸುಮ್ಮನೆ ತಂದುದಲ್ಲ. ಇದೇ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬ ವಿದ್ಯಾಸ್ಥಾನವಿದ್ದುದನ್ನು 1162ರ ಶಾಸನವು ವಿಸ್ತಾರವಾಗಿ ಬಣ್ಣಿಸಿರುವುದು ವಿದ್ವಾಂಸರಿಗೆ ತಿಳಿದೇ ಇದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಬಂದವರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಇಂತಹ ದಾನಶಾಸನಗಳನ್ನು ಓದುವವನು ಸಾಮಾನ್ಯವಾಗಿ ನಾಲ್ಕು ಸಂಗತಿಗಳನ್ನು ಹುಡುಕುತ್ತಾನೆ: ಕೊಟ್ಟವರು ಯಾರು, ಪಡೆದವರು ಯಾರು, ಸೀಮೆ ಯಾವುದು, ಧರ್ಮವನ್ನು ಪಾಲಿಸತಕ್ಕವರು ಯಾರು. ಈ ನಾಲ್ಕನೆಯದೇ ಮುಖ್ಯವಾದುದು. ಅರಸನು ಕೊಟ್ಟ ದತ್ತಿಯಾದರೂ ಅನೇಕ ಕಡೆ ಊರ ಮಹಾಜನಗಳೂ ನಗರದ ಸೆಟ್ಟಿಗಳೂ ಅದರ ಪಾಲಕರಾಗಿ ನಿಲ್ಲುತ್ತಾರೆ. ಕೊಟ್ಟ ಕೈಯೇ ಕಾಯುವ ಕೈಯಾಗಬಾರದೆಂಬ ವಿವೇಕ ಅಂದಿನವರಿಗೆ ಇದ್ದಿತೆಂದು ತೋರುತ್ತದೆ. ಈ ನಾಲ್ಕನೆಯ ಪ್ರಶ್ನೆಯನ್ನೇ 2000ದ ಅಧಿನಿಯಮಕ್ಕೂ ಹಾಕಿ ನೋಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಛಾನ್ಸಲರರಾದರು, ಎಚ್. ವಿ. ನಂಜುಂಡಯ್ಯನವರು ಮೊದಲ ವೈಸ್-ಛಾನ್ಸಲರರಾದರು. ಅರಸೊತ್ತಿಗೆಯ ಕಾಲವಾದರೂ ಆ ಸಂಸ್ಥೆಗೆ ಸೆನೆಟ್ ಎಂಬ ಸಭೆಯೊಂದಿದ್ದಿತು. ಸ್ವಾತಂತ್ರ್ಯಾನಂತರ ಧಾರವಾಡಕ್ಕೆ 1949ರ ಕಾಯಿದೆ, ಮೈಸೂರಿಗೆ 1956ರ ಕಾಯಿದೆ, ಬೆಂಗಳೂರಿಗೆ 1964ರ ಕಾಯಿದೆ ಎಂಬಂತೆ ಒಂದೊಂದಕ್ಕೂ ಒಂದೊಂದು ಶಾಸನವಿದ್ದಿತು. ಈ ಮೂರನ್ನೂ ಒಂದೇ ಅಚ್ಚಿಗೆ ತಂದುದು 1976ರ ಅಧಿನಿಯಮ. ದೇಶದಲ್ಲಿ ತುರ್ತುಪರಿಸ್ಥಿತಿಯಿದ್ದ ವರ್ಷವದು. ಬೇರೆ ಬೇರೆ ನೆಲದಲ್ಲಿ ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ಸಂಸ್ಥೆಗಳಿಗೆ ಒಂದೇ ಅಳತೆಯ ಅಂಗಿಯನ್ನು ಹೊಲಿಸಿದುದು ಅಂದೇ. ಆದರೂ ಸೆನೆಟ್ ಉಳಿಯಿತು. ಈ 1976ರ ಶಾಸನದ ಚೌಕಟ್ಟಿನಲ್ಲಿಯೇ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಜನ್ಮ ತಾಳಿತು. ಕಾದಂಬರಿಕಾರರಾದ ಶಾಂತಿನಾಥ ದೇಸಾಯಿಯವರು ಅದರ ಮೊದಲ ಕುಲಪತಿಗಳು. 2000ದ ಅಧಿನಿಯಮವು ಬಂದು 1976ರದನ್ನು ತೆಗೆದುಹಾಕಿದಾಗ ಸೆನೆಟ್ಟೂ ಹೋಯಿತು. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ, ನಿಕಾಯಗಳು, ಅಧ್ಯಯನ ಮಂಡಲಿಗಳು ಮೊದಲಾದುವು ಇವೆ, ಸೆನೆಟ್ ಇಲ್ಲ.

ಇನ್ನು ಶಬ್ದದ ವಿಚಾರ. ವೈಸ್-ಛಾನ್ಸಲರ್ ಎಂಬುದಕ್ಕೆ ಕನ್ನಡದಲ್ಲಿ ಬಹುಕಾಲ ಉಪಕುಲಪತಿ ಎಂಬ ಮಾತು ನಡೆಯುತ್ತಿದ್ದಿತು. 1956ರಿಂದ 1960ರವರೆಗೆ ಮೈಸೂರಿನಲ್ಲಿ ಆ ಪದವಿಯಲ್ಲಿದ್ದ ಕುವೆಂಪು ಅವರನ್ನು ಉಪಕುಲಪತಿಗಳೆಂದೇ ಜನರು ಕರೆದರು. ಬಳಿಕ ಉಪ ಎಂಬ ಉಪಸರ್ಗವು ಬಿದ್ದುಹೋಗಿ ಕುಲಪತಿ ಎಂಬುದು ನಿಂತಿತು, ಛಾನ್ಸಲರರು ಕುಲಾಧಿಪತಿಗಳಾದರು, ಉನ್ನತ ಶಿಕ್ಷಣದ ಮಂತ್ರಿಗಳಿಗೆ ಸಮಕುಲಾಧಿಪತಿ ಎಂಬ ಹೆಸರು ಬಂದಿತು, ರಿಜಿಸ್ಟ್ರಾರರು ಕುಲಸಚಿವರಾದರು. ಒಂದು ಕುಲಕ್ಕೆ ಇಷ್ಟು ಮಂದಿ ಯಜಮಾನರು ಇರುವುದು ಪುರಾಣಗಳಲ್ಲಿಯೂ ಕಾಣದು.

ಕುಲಪತಿ ಶಬ್ದದ ಸಾಂಪ್ರದಾಯಿಕ ಲಕ್ಷಣವೇನೆಂದರೆ, ಹತ್ತು ಸಾವಿರ ಮಂದಿ ಶಿಷ್ಯರಿಗೆ ಅನ್ನವನ್ನಿತ್ತು ಪೋಷಿಸಿ ಪಾಠ ಹೇಳುವ ಋಷಿಯು ಕುಲಪತಿ. ಮಹಾಭಾರತದ ಆರಂಭದಲ್ಲಿ ನೈಮಿಷಾರಣ್ಯದ ಶೌನಕನು ಕುಲಪತಿ. ಕಾಳಿದಾಸನ ನಾಟಕದಲ್ಲಿ ಕಣ್ವನು ಕುಲಪತಿ. ದುಷ್ಯಂತನು ಕಣ್ವಾಶ್ರಮವನ್ನು ಹೊಗುವಾಗ ಆಭರಣಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗಿತ್ತು ವಿನೀತವೇಷದಿಂದ ಒಳಗೆ ಹೋದನೆಂಬುದನ್ನು ತರಗತಿಗಳಲ್ಲಿ ನಾವೆಲ್ಲ ವಿವರಿಸಿ ಹೇಳಿದವರೇ. ಕುಲಪತಿ ಎಂಬ ಮಾತಿನೊಳಗೆ ಅರಸನಿಗೂ ಆಶ್ರಮಕ್ಕೂ ಇರಬೇಕಾದ ಅಂತರವೊಂದು ಅಡಗಿದೆ. (ಅರಸನು ಬಂದಾಗ ಕುಲಪತಿಯು ಊರಲ್ಲಿರಲಿಲ್ಲವೆಂಬ ಅಂಶವನ್ನು ಮಾತ್ರ ನಮ್ಮ ಕಾಲವು ಯಥಾವತ್ತಾಗಿ ಅನುಸರಿಸಿದೆ. ಕುಲಪತಿಯ ಸ್ಥಾನ ತಿಂಗಳುಗಟ್ಟಲೆ ತೆರವಾಗಿದ್ದು ಪ್ರಭಾರಿಗಳಿಂದ ಕಾರ್ಯ ಸಾಗುವುದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಅಪೂರ್ವವಲ್ಲ.)

ಈ ಶಬ್ದವನ್ನು ಮನಸ್ಸಿನಲ್ಲಿಟ್ಟುಕೊಂಡು ಅಧಿನಿಯಮದ 14ನೆಯ ಪ್ರಕರಣವನ್ನು ಓದಬೇಕು. ಕುಲಪತಿಯ ಆಯ್ಕೆಗಾಗಿ ನಾಲ್ವರ ಶೋಧನಾ ಸಮಿತಿ. ಒಬ್ಬರು ಕುಲಾಧಿಪತಿಗಳಿಂದ, ಒಬ್ಬರು ವಿಶ್ವವಿದ್ಯಾಲಯ ಧನಸಹಾಯ ಆಯೋಗದಿಂದ, ಒಬ್ಬರು ರಾಜ್ಯ ಸರ್ಕಾರದಿಂದ, ಒಬ್ಬರು ಸಿಂಡಿಕೇಟಿನಿಂದ. ಇವರು ಮೂವರ ಹೆಸರುಗಳನ್ನು ಅಕಾರಾದಿಯಾಗಿ ಬರೆದು ಸರ್ಕಾರಕ್ಕೆ ಒಪ್ಪಿಸತಕ್ಕದ್ದು. ಕುಲಾಧಿಪತಿಗಳು ಅರ್ಹತೆ, ಸಮತೆ, ಸಾಮಾಜಿಕ ನ್ಯಾಯಗಳನ್ನು ಗಮನದಲ್ಲಿರಿಸಿಕೊಂಡು ಅವರಲ್ಲೊಬ್ಬರನ್ನು ರಾಜ್ಯ ಸರ್ಕಾರದ ಸಹಮತಿಯೊಡನೆ ನೇಮಿಸತಕ್ಕದ್ದು. ಅಧಿಕಾರಾವಧಿ ನಾಲ್ಕು ವರ್ಷ.

ಇಲ್ಲಿ ಎರಡು ಪದಗಳನ್ನು ನಿಧಾನವಾಗಿ ನೋಡಬೇಕು. ಮೊದಲನೆಯದು ಅಕಾರಾದಿ. ವಿದ್ವಾಂಸರ ತಾರತಮ್ಯವನ್ನು ಅರಿಯುವುದಕ್ಕೆಂದೇ ನೇಮಕವಾದ ಸಮಿತಿಯು ತನ್ನ ತಾರತಮ್ಯಜ್ಞಾನವನ್ನು ಬರೆದು ಹೇಳಕೂಡದು. ನಿಘಂಟುಕಾರನ ಕ್ರಮದಲ್ಲಿ ಹೆಸರುಗಳನ್ನಿಟ್ಟು ಕೈತೊಳೆದುಕೊಳ್ಳಬೇಕು. ಮೂವರಲ್ಲಿ ಶ್ರೇಷ್ಠನಾರೆಂಬುದನ್ನು ನಿರ್ಣಯಿಸುವ ಹೊಣೆ ವಿದ್ವಾಂಸರಿಂದ ಜಾರಿ ಅಧಿಕಾರಸ್ಥರಿಗೆ ಸೇರಿತು. ಎರಡನೆಯದು ಸಹಮತಿ. ನೇಮಿಸುವವರು ಒಬ್ಬರು, ಸಹಮತಿಸುವವರು ಮತ್ತೊಬ್ಬರು ಎಂದಾಗ, ಇಬ್ಬರಿಗೂ ಒಮ್ಮತವಿಲ್ಲದಿದ್ದರೆ ಏನು ಗತಿ? ಒಂದೇ ಪಕ್ಷದ ಆಡಳಿತ ಕೇಂದ್ರದಲ್ಲಿಯೂ ರಾಜ್ಯದಲ್ಲಿಯೂ ಇದ್ದ ಕಾಲದಲ್ಲಿ ಈ ಪದದ ಭಾರ ಯಾರಿಗೂ ತಿಳಿಯದು. ಪಕ್ಷಗಳು ಬೇರೆಯಾದ ಕೂಡಲೆ ಅದೇ ಪದ ಕೀಲಿಯಾಗಿ ಪರಿಣಮಿಸುತ್ತದೆ. ಇದಕ್ಕೆ ಮೂರನೆಯ ಧ್ವನಿಯೊಂದೂ ಸೇರಿದೆ. ಆಯೋಗವು 2018ರಲ್ಲಿ ಹೊರಡಿಸಿದ ವಿನಿಯಮಗಳು ಕುಲಪತಿಯ ಆಯ್ಕೆಯ ಬಗೆಗೆ ತಮ್ಮದೇ ನಿಬಂಧನೆಗಳನ್ನು ಹೇಳುತ್ತವೆ. ರಾಜ್ಯದ ಶಾಸನಕ್ಕೂ ಆಯೋಗದ ವಿನಿಯಮಕ್ಕೂ ವಿರೋಧ ಬಂದರೆ ಎರಡನೆಯದೇ ಪ್ರಬಲವೆಂದು ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ 2022ರಲ್ಲಿ ತೀರ್ಮಾನಿಸಿತು.

ಈಚಿನ ಚರ್ಚೆಯೆಲ್ಲ ಕುಲಾಧಿಪತಿಯ ಪೀಠದ ಸುತ್ತಲೇ ನಡೆದಿದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ರಾಜ್ಯಪಾಲರಿಗೆ ಬದಲಾಗಿ ಮುಖ್ಯಮಂತ್ರಿಗಳೇ ಕುಲಾಧಿಪತಿಗಳಾಗಬೇಕೆಂಬ ತಿದ್ದುಪಡಿ ವಿಧೇಯಕವನ್ನು ನಮ್ಮ ವಿಧಾನಸಭೆಯು 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕರಿಸಿತು. ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳಗಳಲ್ಲಿಯೂ 2022ರಲ್ಲಿ ರಾಜ್ಯಪಾಲರ ಅಧಿಕಾರವನ್ನು ತೆಗೆಯುವ ಇಲ್ಲವೆ ಕುಗ್ಗಿಸುವ ವಿಧೇಯಕಗಳು ಬಂದುವು. ರಾಜ್ಯದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಚುನಾಯಿತ ಸರ್ಕಾರದ ಮಾತಿಗೆ ಬೆಲೆಯಿರಬೇಕೆಂಬ ವಾದವು ಹುರುಳಿಲ್ಲದುದಲ್ಲ; ರಾಜಕೀಯದಿಂದ ಒಂದಿಷ್ಟು ದೂರವಿರುವವರೊಬ್ಬರು ಮೇಲಿರಲಿ ಎಂಬ ವಾದವೂ ಹುರುಳಿಲ್ಲದುದಲ್ಲ. ಆದರೆ ಇವೆರಡೂ ಮೇಲಂತಸ್ತಿನ ಜಗಳಗಳು. ಕೆಳಗಣ ಚಾವಡಿಯೇ ಇಲ್ಲವಾಗಿದೆಯೆಂಬುದನ್ನು ಯಾರೂ ಆಡುತ್ತಿಲ್ಲ. ಸೆನೆಟ್ ಹೋದುದನ್ನು ಕುರಿತು ಈ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ನಮ್ಮ ಅಧ್ಯಾಪಕವರ್ಗವು ದುಃಖಿಸಿದಂತೆ ತೋರುವುದಿಲ್ಲ.

ದುಃಖಿಸದಿರಲು ಕಾರಣಗಳೂ ಇದ್ದುವು. ಸೆನೆಟ್ ಸಭೆಗಳಲ್ಲಿ ಮಾತು ಹೆಚ್ಚು, ಕೆಲಸ ಕಡಮೆ ಎಂಬುದು ಹಳೆಯ ದೂರು. ಚುನಾವಣೆಗಳಲ್ಲಿ ಜಾತಿ, ಗುಂಪುಗಾರಿಕೆ ನುಗ್ಗಿದವು. ವಿದ್ಯೆಯ ವಿಷಯಕ್ಕಿಂತ ನೇಮಕ ಬಡ್ತಿಗಳ ವಿಷಯವೇ ದೊಡ್ಡದಾಯಿತು. ಇದನ್ನೆಲ್ಲ ಅಲ್ಲಗಳೆಯುವ ಇಚ್ಛೆ ನಮಗಿಲ್ಲ. ಆದರೆ ಬಾವಿಯ ನೀರು ಕೆಟ್ಟರೆ ಹೂಳೆತ್ತಿಸುವುದು ಲೋಕದ ರೂಢಿ. ಬಾವಿಯನ್ನೇ ಮುಚ್ಚಿಸುವುದು ಬೇರೆ ಮಾತು. ವರ್ಷಕ್ಕೆ ಒಂದೆರಡು ಬಾರಿಯಾದರೂ ವಿಶ್ವವಿದ್ಯಾನಿಲಯವು ತನ್ನ ವರದಿಯನ್ನೂ ಲೆಕ್ಕವನ್ನೂ ಹಿಡಿದು, ತನ್ನ ಸಂಬಳದ ಪಟ್ಟಿಯಲ್ಲಿಲ್ಲದ ಜನರ ಮುಂದೆ ನಿಂತು ಉತ್ತರ ಹೇಳಬೇಕಾಗಿದ್ದ ಸ್ಥಳ ಅದೊಂದೇ. ಕೇರಳದಲ್ಲಿ ಅದು ಉಳಿದಿದೆ. ತೀರ್ಥಹಳ್ಳಿ ತಾಲ್ಲೂಕಿನವರಾದ ಯು. ಆರ್. ಅನಂತಮೂರ್ತಿಯವರು 1987ರಿಂದ 1991ರವರೆಗೆ ಕೊಟ್ಟಾಯಮಿನ ಮಹಾತ್ಮಾ ಗಾಂಧಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದುದು ಸೆನೆಟ್ ಉಳ್ಳ ಅಂತಹ ಶಾಸನವೊಂದರ ಕೆಳಗೆ. ಅದೇ ವರ್ಷ ಶಂಕರಘಟ್ಟದಲ್ಲಿ ಮತ್ತೊಬ್ಬ ಕಾದಂಬರಿಕಾರರು ಹೊಸ ಸಂಸ್ಥೆಯೊಂದನ್ನು ಕಟ್ಟಲು ಹೊರಟರೆಂಬುದನ್ನು ನೆನೆದರೆ ಸಂತೋಷವಾಗುತ್ತದೆ. ಅಂದಿನ ನಮ್ಮ ಶಾಸನದಲ್ಲಿಯೂ ಸೆನೆಟ್ ಇದ್ದಿತೆಂಬುದನ್ನು ನೆನೆದರೆ ಆ ಸಂತೋಷ ಸ್ವಲ್ಪ ತಗ್ಗುತ್ತದೆ.

ಸೆನೆಟ್ಟಿನ ಕೆಲಸವನ್ನು ಸಿಂಡಿಕೇಟ್ ಮಾಡಬಲ್ಲುದಲ್ಲವೆ ಎಂದು ಕೇಳಬಹುದು. ಅದರ ರಚನೆಯನ್ನು ನೋಡಿದರೆ ಸರ್ಕಾರವು ನಾಮಕರಣ ಮಾಡುವವರು ಆರು ಮಂದಿ, ಕುಲಾಧಿಪತಿಗಳು ನಾಮಕರಣ ಮಾಡುವವರು ಇಬ್ಬರು. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಆ ಆರರಲ್ಲಿ ಇರಲೇಬೇಕೆಂದು ವಿಧಿಸಿರುವುದು ಶಾಸನದ ಗುಣ; ಹಳೆಯ ಸೆನೆಟ್ಟುಗಳಲ್ಲಿ ಇದರ ಕೊರತೆಯಿದ್ದಿತು. ಆದರೆ ನಾಮಕರಣವೆಂಬುದು ಮಗುವಿಗೆ ಮಾಡುವ ಸಂಸ್ಕಾರ. ಹೆಸರಿಟ್ಟವರ ಮಾತನ್ನು ಮೀರುವ ವಯಸ್ಸು ಅಲ್ಲಿ ಇನ್ನೂ ಬಂದಿರುವುದಿಲ್ಲ. ಸರ್ಕಾರ ಬದಲಾದೊಡನೆ ನಾಮಕರಣಗೊಂಡವರೂ ಬದಲಾಗುವುದನ್ನು ನಾಡು ಕಂಡಿದೆ. ಹೀಗಿರುವಾಗ ಕಾರ್ಯವನ್ನು ನಡಸುವ ಸಭೆಯೇ ಕಾರ್ಯವನ್ನು ವಿಮರ್ಶಿಸುವ ಸಭೆಯೂ ಆಗುವುದು ಹೇಗೆ?

ಶಿವಮೊಗ್ಗ ಭದ್ರಾವತಿಗಳ ಜನರಿಗೆ ಈ ಪ್ರಶ್ನೆ ಬರಿಯ ತತ್ತ್ವದ್ದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನು ಆರಂಭಿಸಿತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಅಲ್ಲಿಂದ ಮುಂದೆ ಅದರ ಅಳಿವು ಉಳಿವುಗಳ ಮಾತು ದೂರದಲ್ಲಿಯೇ ನಡೆಯಿತು. ಕಾಗದದ ಕಾರ್ಖಾನೆಯ ಉತ್ಪಾದನೆಯು 2015ರಲ್ಲಿ ನಿಂತಿತು. ಊರಿನ ನಡುವೆ ಇದ್ದೂ ಊರಿನ ಕೈಯಲ್ಲಿಲ್ಲದ ಸಂಸ್ಥೆಯೆಂದರೆ ಏನೆಂಬುದು ಅಲ್ಲಿಯವರಿಗೆ ಅನುಭವದಿಂದ ತಿಳಿದಿದೆ. ವಿಶ್ವವಿದ್ಯಾನಿಲಯದ ಸೀಮೆಯ ವಿಷಯದಲ್ಲಿಯೂ ಹೀಗೆಯೇ. ಮೊದಲು ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆಗಳು ಅದರ ವ್ಯಾಪ್ತಿಯಲ್ಲಿದ್ದುವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವು ಬೇರೆಯಾಗಿ ಕಡೆಯ ಎರಡು ಜಿಲ್ಲೆಗಳು ಅದರ ಪಾಲಿಗೆ ಹೋದುವು. 1979ರಲ್ಲಿ ಮೈಸೂರಿನವರು ದಾವಣಗೆರೆಯಲ್ಲಿ ತೆರೆದಿದ್ದ ಸ್ನಾತಕೋತ್ತರ ಕೇಂದ್ರವೇ ಹೊಸದರ ಬೀಜವಾಯಿತು. ವಿಭಾಗವು ನ್ಯಾಯವಾದುದೇ ಆಗಿರಬಹುದು; ಬಯಲುಸೀಮೆಯ ಜನರಿಗೆ ಅನುಕೂಲವೂ ಆಯಿತು. ಆದರೆ ಕಾಲೇಜುಗಳ ಸಂಖ್ಯೆ ಇಳಿದರೆ ಸಂಯೋಜನೆಯ ಶುಲ್ಕವೂ ಪರೀಕ್ಷಾ ಶುಲ್ಕವೂ ಇಳಿಯುತ್ತವೆ. ಮೊದಲಿನ ಅಳತೆಗೆ ಕಟ್ಟಿದ ಮನೆಯನ್ನು ಅರ್ಧ ವರಮಾನದಲ್ಲಿ ನಡಸುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಅದನ್ನು ಮಲೆನಾಡಿನ ಅಧ್ಯಾಪಕರು, ಪದವೀಧರರು, ಪೌರರು ಒಂದೆಡೆ ಕುಳಿತು ಕೇಳಬಹುದಾಗಿದ್ದ ಸಭೆಯನ್ನು ಶಾಸನವು ಅದಕ್ಕೆ ಮುಂಚೆಯೇ ತೆಗೆದುಹಾಕಿದ್ದಿತು.

ಕುವೆಂಪು ಅವರ ಹೆಸರನ್ನು ಹೊತ್ತ ಸಂಸ್ಥೆಯೆಂಬುದರಿಂದ ಮತ್ತೊಂದು ಮಾತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ಓದಿ ಅದರ ಉಪಕುಲಪತಿಗಳಾದವರಲ್ಲಿ ಅವರೇ ಮೊದಲಿಗರು. ಮಾನಸಗಂಗೋತ್ರಿ ಎಂಬ ಹೆಸರು ಅವರು ಕೊಟ್ಟುದು. ಉಪ ಎಂಬ ಉಪಸರ್ಗ ಇದ್ದಾಗ ಸೆನೆಟ್ ಇದ್ದಿತು. ಉಪಸರ್ಗವು ಹೋದ ಮೇಲೆ ಸಚಿವಾಲಯದ ಸಹಮತಿ ಬಂದಿತು. ಕಾಲಕ್ರಮದಲ್ಲಿ ಪದವು ಏರಿ ಪದವಿಯು ಇಳಿದುದಕ್ಕೆ ಅರ್ಥಶಾಸ್ತ್ರಜ್ಞರು ಬೇರೆ ಕಾರಣ ಹೇಳಬಹುದು. ಭಾಷೆಯ ವಿದ್ಯಾರ್ಥಿಗಳಿಗೆ ಇದು ಅರ್ಥಪಲ್ಲಟದ ಉದಾಹರಣೆಯಾಗಿ ಸಾಕು.

ಇಂತಹ ಸಭೆಯನ್ನು ಮತ್ತೆ ತರುವುದಾದರೆ ಅದಕ್ಕೆ ಸೆನೆಟ್ ಎಂಬ ಹೆಸರೇ ಇರಬೇಕೆಂದಿಲ್ಲ. ಹಳೆಯ ದೋಷಗಳೊಡನೆ ತರಬೇಕೆಂದೂ ಇಲ್ಲ. ನೇಮಕ ಬಡ್ತಿಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟು, ವಾರ್ಷಿಕ ವರದಿ, ಆಯವ್ಯಯ, ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು, ಸೀಮೆಯ ಬದಲಾವಣೆ ಇವಿಷ್ಟನ್ನು ಮಾತ್ರ ಒಪ್ಪಿಸಿದರೆ ಗುಂಪುಗಾರಿಕೆಗೆ ಹೆಚ್ಚು ಎಡೆಯಿರದು. ಎರಡು ಜಿಲ್ಲೆಗಳ ಕಾಲೇಜುಗಳ ಅಧ್ಯಾಪಕರು ತಮ್ಮಲ್ಲಿ ಆರಿಸಿದವರೂ ಪದವೀಧರರು ಆರಿಸಿದವರೂ ಅದರಲ್ಲಿರಲಿ. ಮೀಸಲಿನ ನಿಯಮ ಅಲ್ಲಿಯೂ ನಡೆಯಲಿ. ನಡಾವಳಿ ಕನ್ನಡದಲ್ಲಿ ಅಚ್ಚಾಗಲಿ. ಶೋಧನಾ ಸಮಿತಿಯು ತಾನು ಆರಿಸಿದ ಮೂವರ ವಿಷಯದಲ್ಲಿ ಅಕಾರಾದಿಯನ್ನು ಬಿಟ್ಟು ಒಂದೊಂದು ಪುಟದ ಕಾರಣವನ್ನು ಬರೆದು ಆ ಸಭೆಯ ಮುಂದಿಡಲಿ. ಅಂದು ಆರಿಸಿಬಂದವರನ್ನು ಉಪಕುಲಪತಿಗಳೆಂದು ಕರೆದರೂ ಅವರಿಗೆ ಕೊರತೆಯೇನೂ ಆಗಲಾರದು.