ಅಟ್ಟದ ಮೂಟೆ, ಮಂಡಿಯ ಮುಂಗಡ

ಶೃಂಗೇರಿ ಸಮೀಪದ ಮೆಣಸೆ, ಆಚೆಯ ಕೊಪ್ಪ, ನರಸಿಂಹರಾಜಪುರ ಸೀಮೆಯ ಅಡಿಕೆ ಬೆಳೆಗಾರರ ಮಿತವ್ಯಯಕ್ಕೆ ದೊಡ್ಡ ಹೆಸರಿದೆ. ಆ ಹೆಸರು ಬಂದದ್ದು ಅಡುಗೆಮನೆಯಿಂದ: ಹಿತ್ತಲ ಸೊಪ್ಪಿನ ತಂಬುಳಿ, ಬಾಳೆದಿಂಡಿನ ಪಲ್ಯ, ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಒಣಗಿಸಿಟ್ಟ ಹಲಸಿನ ಹಪ್ಪಳ. ಮಲೆನಾಡಿನ ಬಗ್ಗೆ ಬರೆಯುವವರಿಗೆ ಇದನ್ನು ಹೊಗಳಿದಷ್ಟೂ ಸಾಲದು. ಆದರೆ ತರಕಾರಿಯಲ್ಲಿ ಮಿಕ್ಕ ಕಾಸಿನಿಂದ ತೋಟದ ಮನೆ ನಿಲ್ಲುವುದಿಲ್ಲ.

ಉಳಿತಾಯ ನಡೆಯುವುದು ಅಟ್ಟದಲ್ಲಿ. ಖರ್ಚು ಹನ್ನೆರಡು ತಿಂಗಳೂ ಉಂಟು, ಫಸಲು ಕೈಗೆ ಬರುವುದು ಸುಗ್ಗಿಯಲ್ಲಿ ಮಾತ್ರ. 1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಠೇವಣಿ ದಿನಕ್ಕೆರಡಾಣೆ ಎತ್ತಿಡಬಲ್ಲವರಿಗೆ ಒಪ್ಪುವಂಥದು. ದಿನದ ಆದಾಯವೇ ಇಲ್ಲದ ಬೆಳೆಗಾರನಿಗೆ ಒಗ್ಗುವುದು ಮೂಟೆ. ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರಿನ ಬಣ್ಣ ಕೊಟ್ಟು, ಚೆನ್ನಾಗಿ ಒಣಗಿಸಿ ಎತ್ತಿಡುತ್ತಾರೆ. ಒಣಗುವುದು ತುಸು ಕಡಿಮೆಯಾದರೂ ಮಳೆಗಾಲದ ತಂಡಿಗೆ ಬೂಸಲು ಹಿಡಿಯುತ್ತದೆ. ಇಟ್ಟ ಮಾಲಿಗೆ ಬಡ್ಡಿಯಿಲ್ಲ. ತೂಕವೂ ಅಷ್ಟಿಷ್ಟು ಇಳಿಯುತ್ತದೆ. ಆದರೂ ಮೂಟೆಯನ್ನು ಕೆಳಗಿಳಿಸಿ, ಸಾಗಿಸಿ, ತೂಗಿಸಿದ ಮೇಲೆಯೇ ಅದು ದುಡ್ಡಾಗುವುದು. ಅಷ್ಟರಲ್ಲಿ ಎಷ್ಟೋ ಅನಗತ್ಯ ಖರ್ಚಿನ ಆಸೆ ಆರಿಹೋಗಿರುತ್ತದೆ. ಇದರ ಹೆಚ್ಚುಗಾರಿಕೆ ಇಲ್ಲಿದೆ.

ಹೀಗೆ ಮಾಲು ಎತ್ತಿಡುವುದನ್ನು ಜೂಜೆಂದು ತಳ್ಳಿಹಾಕುವ ಹಣಕಾಸು ಪಂಡಿತರು ಎರಡು ಬೇರೆ ನಡವಳಿಕೆಗಳನ್ನು ಬೆರೆಸುತ್ತಾರೆ. ತೋಟಕ್ಕೆ ಬೋರ್ಡೊ ದ್ರಾವಣ ಹೊಡೆಸಲು ಒಂದಿಷ್ಟು, ಮಕ್ಕಳ ಫೀಸಿಗೆ ಒಂದಿಷ್ಟು ಎಂದು ಬಿಡಿಬಿಡಿಯಾಗಿ ಮಾರುವವನು ಜೂಜುಕೋರನಲ್ಲ. ವರ್ಷದ ಸರಾಸರಿ ಧಾರಣೆ ಅವನಿಗೆ ಹೆಚ್ಚುಕಮ್ಮಿ ತಾನಾಗಿ ದಕ್ಕುತ್ತದೆ. ಅಷ್ಟೂ ಮಾಲನ್ನು ಹಿಡಿದು ಕೂತವನ ಕಥೆ ಬೇರೆ. 2014ರಲ್ಲಿ ಧಾರಣೆ ವಿಪರೀತ ಏರಿದಾಗ ಇನ್ನೂ ಏರೀತೆಂದು ಕಾದವರಿಗೆ ಆಮೇಲಿನ ಕುಸಿತ ಪಾಠ ಕಲಿಸಿತು. ಪಂಡಿತರ ಮಾತು ಅಷ್ಟರ ಮಟ್ಟಿಗೆ ಸರಿ.

ಪದ್ಧತಿ ಕೆಡುವುದು ಫಸಲಿಗೆ ಮೊದಲೇ ಮಂಡಿಯಿಂದ ಎತ್ತುವ ಮುಂಗಡದಲ್ಲಿ. ಮಂಡಿ ವರ್ತಕರ ಹಿಡಿತ ಸಡಿಲಿಸಲು ಸಹಕಾರಿಗಳು ಬಂದವು: 1939ರಲ್ಲಿ ಮಾಮ್ಕೋಸ್, 1973ರಲ್ಲಿ ಕ್ಯಾಂಪ್ಕೊ. ಸಾಲ ಸಹಕಾರಿಯದೇ ಆದರೂ, ಮದುವೆಗೋ ಕಾರಿಗೋ ಬರುವ ವರ್ಷದ ಫಸಲಿನ ಮೇಲೆ ಹಣ ಎತ್ತಿದ ಮನೆ ಆದಾಯ ಮೀರಿ ಬದುಕುತ್ತಿದೆ ಎಂದೇ ಅರ್ಥ, ಊಟಕ್ಕೆ ತಂಬುಳಿಯೇ ಇರಲಿ. ಮಿತವ್ಯಯವನ್ನು ಅಳೆಯಬೇಕಾದ್ದು ವರ್ಷಾಂತ್ಯದ ಲೆಕ್ಕದ ಪುಸ್ತಕದಲ್ಲಿ. ಹಳದಿ ಎಲೆ ರೋಗಕ್ಕೆ ತೋಟವನ್ನೇ ಕಳೆದುಕೊಂಡ ಶೃಂಗೇರಿ, ಕೊಪ್ಪದ ಮನೆಗಳಿಗೆ ಮಾತ್ರ ಈ ಅಳತೆ ಹಾಕುವಂತಿಲ್ಲ. ಅಲ್ಲಿ ಅಟ್ಟಕ್ಕೇರಿಸಲು ಅಡಿಕೆಯೇ ಇಲ್ಲ.